10 ಸೆಂಟಿಮೀಟರಿನ ಆರ್ಕಿಟೆಕ್ಟ್

ನಮ್ಮ ಹುಬ್ಬಳ್ಳಿ-ಧಾರವಾಡದಾಗ ಮನಿ ಕಟ್ಟಸೂದಂದ್ರ ಊರ ಮಂದೀನೆಲ್ಲಾ ಕೇಳಬೇಕ್ರಿ. ಮೊದಲ ಮಠದ ಅಜ್ಜಾರು, ಆಮ್ಯಾಲ ಅಂಗೈ ಮ್ಯಾಲ ತೆಂಗಿನಕಾಯಿ ಇಟ್ಕೊಂಡ ಬೋರ್ ಪಾಯಿಂಟ್ ತೋರಸಾಂವ, ಆಮ್ಯಾಲ ವಾಸ್ತು ನೋಡಾಂವ, ಬೀಗರು, ಗೌಂಡಿ, ಗೌಂಡಿ ಹೇಳಿದ ಸಿಮೆಂಟ್ ಅಂಗಡ್ಯಾಂವ. ಕಾಲಮ್ ಎದ್ದು, ಸ್ಲ್ಯಾಬ್ ಹಾಕಿ, ಸೆಂಟ್ರಿಂಗ್ ಬಿಚ್ಚಿದ ಮ್ಯಾಲ ಮನ್ಯಾಗ ಯಾರಿಗೋ ಒಬ್ರಿಗೆ ನೆನಪಾಕ್ಕೈತಿ, ಅಲ್ಲಾ, ನಮ್ಮ ಅಳಿಯನ ತಮ್ಮ ಆರ್ಕಿಟೆಕ್ಟ್ ಅದಾನಲ್ಲ, ಮುಂದಿನ ಎಲೆವೇಶನ್ ಒಂದ ಮಾಡಿಸ್ಕೊಂಡ ಬಿಡೂಣು, ಮನಿ ಹುಡುಗ, ರೊಕ್ಕಾ ಏನ ತೊಗೊಳಂಗಿಲ್ಲ.

ಆ ಮನಿ ಹುಡುಗ ಐದು ವರ್ಷ ಕಲ್ತಾನ ನೋಡ್ರಿ. ಪಿಯುಸಿ ಸೈನ್ಸ್, ಆರ್ಕಿಟೆಕ್ಚರ್ ಸೇರಾಕ ನಾಟಾ ಪರೀಕ್ಷೆ, ಹತ್ತು ಸೆಮಿಸ್ಟರ್, ಇಂಜಿನಿಯರಿಂಗ್ ಮಾಡಿದಾಂವ ಕೆಲಸಕ್ಕ ಸೇರಿ ಗಾಡಿ ತೊಗೊಂಡಾಗ ಇಂವ ಇನ್ನೂ ಥೀಸಿಸ್ ಪ್ರಿಂಟ್ ತಗಸಾಕ ಅಪ್ಪನ ಕಡೆ ರೊಕ್ಕಾ ಕೇಳಾಕತ್ತಿದ್ದ. ರಾತ್ರಿಯೆಲ್ಲಾ ಕುಂತು ಸನ್‌ಬೋರ್ಡ್ ಕೊಯ್ದು ಅದರ ಜೋಡಿ ಬೆರಳೂ ಕೊಯ್ಕೊಂಡು ಮಾಡಿದ ಕಟ್ಟಡದ ಮಾಡೆಲ್ಲನ್ನ ಮುಂಜಾನೆ ಚಿಗರಿ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡ ಹೊಂಟ್ರ ಬಾಜೂಕಿನ ಅಕ್ಕಾರು ಕೇಳ್ತಾರ, "ಗಣಪತಿ ಮಂಟಪ ಏನಪಾ ತಮ್ಮಾ, ಎಷ್ಟಕ್ಕ ಕೊಡ್ತಿ?" ಆ ಮಾಡೆಲ್ಲಿಗೆ ಅಷ್ಟ ಪ್ರೀತಿಲೆ ರೇಟ್ ಕೇಳಿದಾರು ಅವರೊಬ್ರ. ಕಾಲೇಜಿಗೆ ಹೋದ ಮ್ಯಾಲ ಮಾಡೆಲ್ ನೋಡಿ ಮಾರ್ಕ್ಸ್ ಹಾಕೂ ಜ್ಯೂರಿಯಾಗ ಬಂದ ಸರ್ ಎರಡ ಬೆರಳಿಲೆ ರೂಫ್ ಎತ್ತಿ ಒಳಗ ಹಣಿಕಿ ಹಾಕಿ, "ಸ್ಪೇಸ್ ಮಾತಾಡವಲ್ದು" ಅಂದು ಮುಂದಿನ ಟೇಬಲ್ಲಿಗೆ ಹೋಗಿಬಿಟ್ರು.

ಗದಗಕ್ಕ ಮೆಜರ್ಡ್ ಡ್ರಾಯಿಂಗ್, ಅಂದ್ರ ಹಳೇ ಕಟ್ಟಡ ಅಳದು ನಕ್ಷಾ ಬರಿಯೂದು, ಮಾಡಾಕ ಕರ್ಕೊಂಡ ಹೋಗ್ತಾರ, ಅದೊಂದ ಬ್ಯಾರೇನ ನಾಟಕ. ಬೆಟಗೇರಿಯ ಹಳೇ ಓಣ್ಯಾಗ ಹತ್ತು ಹುಡುಗ್ರು ಟೇಪ್ ಹಿಡ್ಕೊಂಡು ಒಂದ ಮಾಳಿಗಿ ಮನಿ ಮುಂದ ನಿಂತ್ರಂದ್ರ ಆ ಮನಿ ಅಜ್ಜಿ ಎದಿ ಧಸಕ್ ಅಂತೈತಿ. "ರಸ್ತಾ ಅಗಲ ಮಾಡಾಕ ಬಂದೀರೇನ್ರಪಾ? ಎಷ್ಟ ಫೂಟ್ ಹೊಕ್ಕೈತಿ?" ಇಲ್ಲಬೇ ಯವ್ವಾ, ನಿಮ್ಮ ಮನಿ ಭಾಳ ಚಂದ ಐತಿ, ಕಟ್ಟಿ, ಪಡಸಾಲಿ, ಬೆಳಕಿಂಡಿ ಎಲ್ಲಾ ಕಲಿಯಾಕ ಬಂದೀವಿ ಅಂದ್ರ ಅಜ್ಜಿ ನಂಬಂಗಿಲ್ಲ, ಯಾಕ ನಂಬಬೇಕು, ಇವತ್ತಿನ ತನಕ ಟೇಪ್ ಹಿಡ್ಕೊಂಡ ಬಂದಾವ್ರು ಯಾರೂ ಚಂದ ಐತಿ ಅಂತ ಹೇಳಾಕ ಬಂದಿಲ್ಲ. ಹುಡುಗ್ರು ಎರಡ ದಿನ ಕುಂತು ಕಂಬದ ಕೆತ್ತನಿ ಸೈತ ಬರಕೊಂಡು ಹೋಗ್ತಾರ, ಫುಲ್ ಮಾರ್ಕ್ಸ್ ಬರ್ತಾವ, ಮುಂದಿನ ವರ್ಷ ಅಜ್ಜಿ ಮಗ ಆ ಮನಿ ಕೆಡವಿ ಮುಂದ ಗ್ಲಾಸ್ ಹಾಕಿ ಆರ್‌ಸಿಸಿ ಬಿಲ್ಡಿಂಗ್ ಎಬ್ಬಸ್ತಾನ. ಪ್ಲಾನ್ ಯಾರದಂತೀರಿ? ಗೌಂಡೀದು.

ಅಲ್ಲಿಂದ ಡಂಬಳಕ್ಕ ಹೋಗಿ ದೊಡ್ಡಬಸಪ್ಪನ ಗುಡಿ ನೋಡ್ತಾರ. ಒಂದ ಚೌಕಾನ್ನ ನಡುವಿನ ಬಿಂದು ಹಿಡದು ಸ್ವಲ್ಪ ಸ್ವಲ್ಪ ತಿರುಗಿಸಿ 24 ಮೂಲಿಯ ನಕ್ಷತ್ರ ಮಾಡ್ಯಾರ ಚಾಲುಕ್ಯರ ಕಾಲದಾಗ, ಅದೂ ಕಂಪ್ಯೂಟರ್ ಇಲ್ದ. ಹುಡುಗ ಅದನ್ನ ಆಟೋಕ್ಯಾಡಿನ್ಯಾಗ ಬರದು ಹುಚ್ಚಾಗಿ ಬರ್ತಾನ. ಮುಂದ ಡಿಗ್ರಿ ಮುಗಿಸಿ ನವನಗರದಾಗ 30-40 ಸೈಟಿಗೆ ಪ್ಲಾನ್ ಹಾಕಿ ಗಾಳಿ ಬರ್ಲಿ ಅಂತ ಒಂದ ಮೂಲಿ ಎರಡ ಫೂಟ್ ಒಳಗ ತೊಗೊಂಡ್ರ ವಾಸ್ತು ಕಾಕಾ ಪೆನ್ನಿಲೆ ಕಾಟ್ ಹೊಡದು ಹೇಳ್ತಾರ, "ಮೂಲಿ ಕಟ್ ಆದ್ರ ಯಜಮಾನ್ಗ ಸಾಲ ಆಕ್ಕೈತಿ." 24 ಮೂಲಿ ಇಟ್ಕೊಂಡು ಅಷ್ಟು ಶತಮಾನ ಕುಂತಾನ ಆ ದೇವರು, ಅವಂಗ ಯಾವ ಬ್ಯಾಂಕೂ ನೋಟಿಸ್ ಕಳಿಸಿಲ್ಲ. (ಸಾಲ ಅಂತೂ ಹೆಂಗೂ ಆಕ್ಕೈತಿ, ಮೂಲಿ ಇದ್ರೂ ಇಲ್ಲದಿದ್ರೂ, ಅದು ಹೋಮ್ ಲೋನ್ ಮಾಡಿದಾವ್ರಿಗೆಲ್ಲಾ ಗೊತ್ತೈತಿ.)

ಈಗ ಕಾನೂನಿನ ಮಜಾ ಕೇಳ್ರಿ. 1972ರಾಗ ಆರ್ಕಿಟೆಕ್ಟ್ಸ್ ಆ್ಯಕ್ಟ್ ಬಂತು. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ್ಯಾಗ ರಿಜಿಸ್ಟರ್ ಆಗದಾಂವ ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕ್ಕೊಳ್ಳೂವಂಗಿಲ್ಲ ಅಂತ 37ನೇ ಸೆಕ್ಷನ್. ಹಾಕ್ಕೊಂಡು ಸಿಕ್ಕಬಿದ್ರ ಮೊದಲನೇ ಸಲಕ್ಕ 500 ರೂಪಾಯಿ ತನಕ ದಂಡ ಅಂತ ಬರದಾರ, ಹೆಲ್ಮೆಟ್ ಹಾಕ್ಕೊಳ್ದ ಚೆನ್ನಮ್ಮ ಸರ್ಕಲ್ಲಿನ್ಯಾಗ ಸಿಕ್ಕಾಂವ ಕಟ್ಟೂವಷ್ಟ. ಆತು, ಅದನ್ನಾದ್ರೂ ಇಟ್ಕೊಂಡ ಸಮಾಧಾನ ಮಾಡ್ಕೊಳೂಣು ಅಂದ್ರ 2020ರ ಮಾರ್ಚಿನ್ಯಾಗ ಸುಪ್ರೀಂ ಕೋರ್ಟ್ ಆ ಸೆಕ್ಷನ್ನಿನ ಅರ್ಥ ಬಿಡಿಸಿ ಹೇಳಿತು. ದಿಲ್ಲಿ ಬಾಜೂಕಿನ ನೋಯ್ಡಾ ಪ್ರಾಧಿಕಾರದ ನೌಕರರ ಪ್ರಮೋಶನ್ ಕೇಸದು. ಹೆಸರು ಹಾಕ್ಕೊಳ್ಳಾಕ ಮಾತ್ರ ರಿಜಿಸ್ಟ್ರೇಶನ್ ಬೇಕು, ಡಿಸೈನ್ ಮಾಡೂದು, ಕಟ್ಟಡದ ಕೆಲಸ ನೋಡ್ಕೊಳ್ಳೂದು ಇವನ್ನ ರಿಜಿಸ್ಟರ್ ಆಗದಾವ್ರೂ ಮಾಡಬಹುದು. ಕೋರ್ಟಿಂದೇನ ತಪ್ಪಿಲ್ರಿ, ಕಾನೂನಿನ್ಯಾಗ ಬರದಿದ್ದ ಹಂಗೈತಿ. ಬೋರ್ಡಿಗೆ ಕಾವಲಿ, ಕೆಲಸಕ್ಕ ಬಾಗಲಾ ಬಟಾಬಯಲು.

ಇಷ್ಟಕ್ಕ ಮುಗೀಲಿಲ್ಲ. 1989ರ ನಡತಿ ನಿಯಮದ ಪ್ರಕಾರ ರಿಜಿಸ್ಟರ್ ಆದ ಆರ್ಕಿಟೆಕ್ಟ್ ತನ್ನ ಸರ್ವಿಸ್ ಬಗ್ಗೆ ಜಾಹೀರಾತು ಕೊಡೂವಂಗಿಲ್ಲ. ಆಫೀಸಿನ ಹೊರಗ, ತಾ ಡಿಸೈನ್ ಮಾಡಿದ ಕಟ್ಟಡದ ಮ್ಯಾಲ ಹೆಸರು ಹಾಕ್ಕೋಬಹುದು, ಆದ್ರ ಅಕ್ಷರದ ಎತ್ತರ 10 ಸೆಂಟಿಮೀಟರ್ ದಾಟಬಾರ್ದು. ಸ್ಕೇಲ್ ಹಿಡದ ನೋಡ್ರಿ ಒಂದ ಸಲ. ರಿಜಿಸ್ಟರ್ ಆಗದಾಂವಗ ಈ ನಿಯಮ ತಾಗಂಗಿಲ್ಲ, ಯಾಕಂದ್ರ ಅಂವ ಆರ್ಕಿಟೆಕ್ಟ್ ಅಲ್ಲ, ಅಂವ "ಡಿಸೈನರ್ ಆ್ಯಂಡ್ ಬಿಲ್ಡರ್", ಅವನ ಫ್ಲೆಕ್ಸು ಗೋಕುಲ ರೋಡಿನ್ಯಾಗ ಇಪ್ಪತ್ತ ಫೂಟ್ ನಿಂತಿರತೈತಿ, ಕನಸಿನ ಮನೆ, ಸ್ಕ್ವೇರ್ ಫೂಟ್ ಲೆಕ್ಕ, ಪ್ಲಾನ್ ಫ್ರೀ, ತ್ರೀಡಿ ಎಲೆವೇಶನ್ ಫ್ರೀ, ಮ್ಯಾಲೊಂದ ಮೂಲ್ಯಾಗ ಲೀಡರ್ ಸಾಹೇಬ್ರು ಕೈ ಮುಗದ ನಿಂತಿರ್ತಾರ. ಹುಡುಗ ಐದು ವರ್ಷ ಕಲ್ತದ್ದು ಆ ಫ್ಲೆಕ್ಸಿನ್ಯಾಗ ಫ್ರೀ ಐಟಮ್.

ಹಂಗಾರ ಕಲ್ತಾವ್ರು ಎಲ್ಲಿ ಹೋಗ್ಯಾರ? ಅರ್ಧಕ್ಕರ್ಧ ಬೆಂಗಳೂರಿನ್ಯಾಗ ಅದಾರ ಅಂತ ಅವರ ಅವ್ವಂದಿರು ಹೇಳ್ತಾರ, ದೊಡ್ಡ ಆಫೀಸಂತ, ಏರ್‌ಪೋರ್ಟ್ ಮಾಡಾಕತ್ತಾರಂತ. ಖರೇನ, ಏರ್‌ಪೋರ್ಟಿನ ಟಾಯ್ಲೆಟ್ ಡೀಟೇಲ್ ಇವನ ಕಡೆ ಐತಿ. ಕಮೋಡಿನಿಂದ ಗ್ವಾಡಿಗೆ ಎಷ್ಟು, ಟೈಲ್ಸ್ ಜಾಯಿಂಟ್ ಎಲ್ಲಿ ಬರಬೇಕು, ರಾತ್ರಿ ಹನ್ನೊಂದರ ತನಕ ಅದ, ಪಿಜಿ ಬಾಡಗಿ ಕಳದ್ರ ಉಳಿಯೂದು ಊರಿಗೆ ಬರೂ ಬಸ್ ಚಾರ್ಜು. ಕೆಲವ್ರು ಎಂ.ಆರ್ಕ್ ಮಾಡಿ ಕಲ್ತ ಕಾಲೇಜಿಗೇ ಲೆಕ್ಚರರ್ ಆಗಿ ಬಂದು ಈಗ ಎರಡ ಬೆರಳಿಲೆ ರೂಫ್ ಎತ್ತಿ ನೋಡಾಕತ್ತಾರ. ಕೆಲವ್ರು ಮೊಬೈಲ್ ಆ್ಯಪಿನ ಬಟನ್ ಡಿಸೈನ್ ಮಾಡ್ತಾರ, ಪಗಾರ ಮೂರ ಪಟ್ಟು, ಅವ್ರು ಹಳೇ ಗೆಳ್ಯಾರ ಫೋನ್ ಎತ್ತಂಗಿಲ್ಲ. ನಮ್ಮ ಓಣಿಯ ಒಬ್ಬಾಕಿ ವಿದ್ಯಾನಗರದಾಗ ಮಾಡ್ಯುಲರ್ ಕಿಚನ್ ಮಾರ್ತಾಳ, ಗಿರಾಕಿ ಬಂದ್ರ ಡ್ರಾವರ್ ಸದ್ದಿಲ್ದ ಮುಚ್ಚಿ ತೋರಸ್ತಾಳ, ಅದಕ್ಕ ಐದು ವರ್ಷ ಬೇಕಿತ್ತೇನು ಅಂತ ಅವರಪ್ಪ ನನ್ನ ಕೇಳ್ತಾರ, ನಾ ಏನ ಹೇಳ್ಲಿ.

ಧಾರವಾಡದ ಸಪ್ತಾಪುರಕ್ಕ ಹೋಗ್ರಿ, ಕೋಚಿಂಗ್ ಕ್ಲಾಸಿನ ಮೆಟ್ಟಲ ಮ್ಯಾಲ ಒಬ್ಬರಾದ್ರೂ ಸಿಕ್ಕ ಸಿಗ್ತಾರ. ಕೆಎಎಸ್, ಪಿಎಸ್ಐ, ಪಿಡಿಒ, ಯಾವ್ದ ಬಂದ್ರೂ ನಡೀತೈತಿ. ಓಎಂಆರ್ ಶೀಟಿನ್ಯಾಗ ಗೋಲ ತುಂಬೂದ್ರಾಗ ಅವ್ರನ್ನ ಮೀರಿಸಾವ್ರಿಲ್ಲ, ಗೆರಿ ಒಂದ ಕೂದಲೆಳಿಯಷ್ಟೂ ಹೊರಗ ಹೋಗಂಗಿಲ್ಲ, ಉತ್ತರ ತಪ್ಪಿರತೈತಿ ಅದು ಬ್ಯಾರೆ ಮಾತು.

ಇದ್ದುದ್ರಾಗ ಸುಖವಾಗಿರೂದು ಮದುವಿ ಸ್ಟೇಜ್ ಮಾಡೂ ಹುಡುಗ. ಖರೇ ಹೇಳ್ತೀನಿ, ಇದ್ರಾಗ ವ್ಯಂಗ್ಯ ಇಲ್ಲ. ಥೀಸಿಸ್ಸಿನ್ಯಾಗ ಅಂವ ಹಾವೇರಿಗೆ ಕಲ್ಚರಲ್ ಸೆಂಟರ್ ಮಾಡಿದ್ದ, ಮೇ ತಿಂಗಳ ಬಿಸಲಾಗ ಮಂದಿ ಕುಂಡ್ರಲಿ ಅಂತ ಬಯಲಾಗ ಮೆಟ್ಟಲ ಮೆಟ್ಟಲಿನ ಆಂಫಿಥಿಯೇಟರ್ ಬ್ಯಾರೆ. (ಆಂಫಿಥಿಯೇಟರ್ ಇಲ್ಲದ ಥೀಸಿಸ್ ನಾ ಇನ್ನೂ ನೋಡಿಲ್ಲ.) ಈಗ ಅಂವ ಮಾಡೂ ಕಮಾನು, ಕಂಬ, ಲೈಟು ಎಲ್ಲಾ ಒಂದ ರಾತ್ರ್ಯಾಗ ಎದ್ದು ಮರುದಿನ ಊಟದ ಹೊತ್ತಿಗೆ ಬೀಳ್ತಾವ, ಆದ್ರ ಯಾವ ಬೀಗರೂ ಸ್ಟೇಜಿನ ಈಶಾನ್ಯ ಮೂಲಿ ಯಾವ್ದು ಅಂತ ಕೇಳಂಗಿಲ್ಲ, ಪಾಲಿಕೆಗೆ ಅಡ್ಡಾಡೂವಂಗಿಲ್ಲ, ರೊಕ್ಕಾ ಅಕ್ಷತಾ ಬೀಳೂಕಿಂತ ಮೊದಲ ಕೈಗೆ ಬಂದಿರತೈತಿ.

ಮೊನ್ನೆ ಕೇಶ್ವಾಪುರದಾಗ ಒಬ್ಬ ಹೊಸಾ ಆರ್ಕಿಟೆಕ್ಟ್ ಆಫೀಸ್ ತಗದಾನ ಅಂತ ಹೋಗಿದ್ದೆ. ಕುರ್ಚಿ ಮ್ಯಾಲ ಒಬ್ಬ ಗೌಂಡಿ ಕಾಕಾ ಕುಂತಿದ್ದ, ನಾಲ್ಕ ಸೈಟ್ ಒಮ್ಮೆಲೆ ನಡಸಾಂವ, ಭಾಳ ಒಳ್ಳೇ ಮನಶ್ಯಾ. ಹುಡುಗ ಖುಷಿಯಾಗಿ ಡ್ರಾಯಿಂಗ್ ಪುಸ್ತಕ ತಗದ.

"ಮನಿ ಪ್ಲಾನ್ ಅಲ್ಲಪಾ ತಮ್ಮಾ, ಅದನ್ನ ನಾನ ಮಾಡ್ತೀನಿ. ನನಗೊಂದ ಫ್ಲೆಕ್ಸ್ ಡಿಸೈನ್ ಮಾಡಿ ಕೊಡು, ನಿನ್ನ ಕೈ ಚಲೋ ಐತಿ ಅಂದ್ರು."

"ಅಕ್ಷರ ಎಷ್ಟ ದೊಡ್ಡವು ಇರ್ಲಿ ಕಾಕಾ?"

"ರೋಡಿನ ಆ ಕಡಿಂದ ಕಾಣಬೇಕ ನೋಡು. ಬೇಕಾರ ಕೆಳಗ ಸಣ್ಣಂಗ ನಿಂದೂ ಹೆಸರ ಹಾಕ್ಕೋ, ನಾಕ ಮಂದಿಗೆ ಗೊತ್ತಾಗ್ಲಿ."

"ನಾ ಹಾಕ್ಕೊಳ್ಳೂವಂಗಿಲ್ರಿ, ರೂಲ್ಸ್ ಐತಿ."

ಕಾಕಾ ಅವನ್ನ ಒಂದ ಗಳಿಗಿ ನೋಡಿದ, ಪಾಪ ಅನ್ನಿಸಿರಬೇಕು, ಅಡ್ವಾನ್ಸ್ ಮ್ಯಾಲ ಇನ್ನೊಂದ ನೂರರ ನೋಟ ಇಟ್ಟು ಎದ್ದ.