ಖಿನ್ನತೆ, ಆತಂಕ: ನಮಗೆ ನಾವೇ ನೆರವಾದರೆ ಸಾಕಾ?

ಪರ: ಆಗುತ್ತೆ, ಶುರು ಮಾಡಿ

ನಿಮ್ಹಾನ್ಸ್ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಅದಕ್ಕೂ ಮುಂಚೆ ಪ್ರಯೋಗಕ್ಕೆಂದು ಆರಿಸಿಕೊಂಡದ್ದು ನಮ್ಮ ಕೋಲಾರ ಜಿಲ್ಲೆಯನ್ನೇ. ದೇಶದಲ್ಲಿ ಖಿನ್ನತೆ, ಆತಂಕದಂಥ ತೊಂದರೆ ಇರುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಅಂತ ಆ ಸಮೀಕ್ಷೆ ಹೇಳಿತು. ಇಷ್ಟೂ ಜನರಿಗೆ ಡಾಕ್ಟರು ಎಲ್ಲಿಂದ ಬರಬೇಕು? ಮುಳಬಾಗಿಲು ಕಡೆಯ ಹಳ್ಳಿಯಲ್ಲಿ ಟೊಮೆಟೊ ಬೆಳೆಯುವ ಹೆಣ್ಣುಮಗಳಿಗೆ ರಾತ್ರಿ ಎದೆ ಡವಡವ ಅಂದರೆ ಬೆಳಗ್ಗೆ ಯಾರ ಹತ್ತಿರ ಹೋಗಬೇಕು?

ಸ್ವಸಹಾಯಕ್ಕೆ ಒಂದು ಕ್ರಮ ಇದೆ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಗಡೆ, ತಲೆ ತಿನ್ನುತ್ತಿರುವ ಯೋಚನೆ: 'ಮಂಡಿಯಲ್ಲಿ ಈ ಸಲವೂ ರೇಟು ಬೀಳುತ್ತೆ, ನಾವು ಮುಳುಗಿದ್ವಿ.' ಬಲಗಡೆ, ನಿಜಕ್ಕೂ ನಡೆದದ್ದು: 'ಹೋದ ವರ್ಷ ರೇಟು ಬಿತ್ತು. ಹಾಲಿನ ದುಡ್ಡಲ್ಲಿ ಸಾಲದ ಕಂತು ಕಟ್ಟಿದ್ವಿ.' ಕೆಳಗೆ ನಾಳೆ ಮಾಡುವ ಒಂದೇ ಒಂದು ಸಣ್ಣ ಕೆಲಸ, ಗಂಟೆ ಸಮೇತ: ಸಂಜೆ 6ಕ್ಕೆ ಡೇರಿಗೆ ಹಾಲು ಹಾಕಿ, ಹಾಗೇ ಅಕ್ಕನ ಮನೆಗೆ ಹೋಗಿ ಬರೋದು. ಮನಸ್ಸು ಸರಿಹೋಗಲಿ, ಆಮೇಲೆ ಹೋಗೋಣ ಅಂತ ಕಾಯಬಾರದು. ಮೊದಲು ಹೋಗಬೇಕು, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತೆ.

ಚಿಕಿತ್ಸೆ ಹೇಗಿರಬೇಕು ಅಂತ ಡಾಕ್ಟರುಗಳಿಗೆ ದಾರಿ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ ಕೂಡ 2022ರ ಮಾರ್ಗಸೂಚಿಯಲ್ಲಿ, ಅಷ್ಟು ತೀವ್ರವಲ್ಲದ ಖಿನ್ನತೆಗೆ ಮೊದಲು ಯೋಚಿಸಬೇಕಾದದ್ದು ಮಾರ್ಗದರ್ಶನ ಇರುವ ಸ್ವಸಹಾಯ ಅಂದಿದೆ.

ವಿರೋಧ: ಒಂಟಿಯಾಗಿ ಆಗಲ್ಲ

ಆದರೆ ನೈಸ್ ಹೇಳುವ ಸ್ವಸಹಾಯದಲ್ಲಿ ಆಗಾಗ ವಿಚಾರಿಸಿ, ಮುಂದಿನ ಹೆಜ್ಜೆ ಹೇಳಿಕೊಡಲು ತರಬೇತಿ ಪಡೆದವರೊಬ್ಬರು ಇರುತ್ತಾರೆ. ನಮ್ಮ ಹಳ್ಳಿಯಲ್ಲಿ ಯಾರಿದ್ದಾರೆ? ಈ ಪ್ರಶ್ನೆಯೇ ನನಗೆ ಹೆಚ್ಚು ತೂಕದ್ದು ಅನಿಸುತ್ತೆ.

ಖಿನ್ನತೆ ಮೊದಲು ಕಸಿಯೋದೇ ಹುಮ್ಮಸ್ಸನ್ನು. ತಲೆ ಬಾಚಿಕೊಳ್ಳೋದೂ ಕಷ್ಟವಾದವರ ಕೈಗೆ ಸುಮ್ನೆ ನೋಟ್‌ಬುಕ್ ಕೊಟ್ಟರೆ ನಾಲ್ಕು ದಿನ ಬರೆದು ಬಿಡುತ್ತಾರೆ. 'ಇದೂ ನನ್ನ ಕೈಲಾಗಲಿಲ್ಲ' ಅನ್ನೋ ಕೊರಗು ಜಾಸ್ತಿಯಾಗುತ್ತೆ. ಮನೆಯವರೂ 'ಮನಸ್ಸು ಗಟ್ಟಿ ಮಾಡ್ಕೊಳಮ್ಮ' ಅಂದು ಸುಮ್ಮನಾಗುತ್ತಾರೆ.

ಇನ್ನೊಂದು ವಿಷಯ. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆ ಇದ್ದರೂ ಸುಸ್ತು, ಬೇಸರ ಬರುತ್ತೆ. ರಕ್ತ ಪರೀಕ್ಷೆ ಮಾಡಿಸದೆ ಅದು ಹೇಗೆ ಗೊತ್ತಾಗಬೇಕು? ಎರಡು ವಾರವಾದರೂ ಬೇಸರ ಬಿಡದೆ, ನಿದ್ದೆ, ಊಟ ಕೆಟ್ಟಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಸಾಯಬೇಕು ಅನ್ನೋ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು-ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದಲ್ಲಿ ಮನೆಯವರೊಬ್ಬರನ್ನು ಕೂರಿಸಿಕೊಳ್ಳಿ.