ಗಾಡಿ ನಿಲ್ಲಿಸದೆ ಪ್ರಯಾಣಿಕರನ್ನು ಎಣಿಸಿದವರ ಲೆಕ್ಕ

ನಮ್ಮ ನಿಲ್ದಾಣದ ಗೋಡೆಗೆ ಅಂಟಿಸಿರುವ ನೋಟಿಸಿನಲ್ಲಿ, ಪ್ರಯಾಣಿಕರ ಸಂಖ್ಯೆ ನಿರಂತರವಾಗಿ ಕುಸಿಯುತ್ತಿರುವುದರಿಂದ ನಿಲ್ದಾಣವನ್ನು ಮುಚ್ಚಲು ಉದ್ದೇಶಿಸಲಾಗಿದೆ ಎಂದು ಬರೆದಿದ್ದಾರೆ. ತಾನಾಗಿ ಕುಸಿಯಿತೋ, ಕುಸಿಯುವಂತೆ ಮಾಡಲಾಯಿತೋ ಎಂಬ ಪ್ರಶ್ನೆಗೆ ಆ ನೋಟಿಸಿನಲ್ಲಿ ಜಾಗವಿಲ್ಲ. ದಿನವೂ ಇಲ್ಲಿಂದಲೇ ಕೆಲಸಕ್ಕೆ ಹೋಗಿ ಬರುವ, ನಿಲ್ದಾಣ ಉಳಿಸುವ ಸಮಿತಿಯ ಸಹಿ ಸಂಗ್ರಹಕ್ಕಾಗಿ ಮನೆಮನೆ ಅಲೆಯುತ್ತಿರುವ ನನಗೆ ಮುಚ್ಚುವ ನಿರ್ಧಾರಕ್ಕಿಂತ ಹೆಚ್ಚು ಸಿಟ್ಟು ತರಿಸಿರುವುದು ಆ ಒಂದು ವಾಕ್ಯದ ಮುಗ್ಧತೆ. ಈ ವರ್ಷ ಮಳೆ ಕಡಿಮೆಯಾಯಿತು ಎನ್ನುವಷ್ಟು ಸಹಜವಾಗಿ ಜನ ಕಡಿಮೆಯಾದರು ಎಂದು ಬರೆದುಬಿಟ್ಟಿದ್ದಾರೆ.

ಜನ ಹೇಗೆ ಕಡಿಮೆಯಾದರು ಎಂಬುದನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದ ನಾವು ಹೇಳಬಲ್ಲೆವು. ಮೊದಲು ಬೆಳಗಿನ ಗಾಡಿಯನ್ನು ಅರ್ಧ ಗಂಟೆ ಹಿಂದಕ್ಕೆ ತಳ್ಳಿದರು; ದೂರ ಹೋಗುವ ಎಕ್ಸ್‌ಪ್ರೆಸ್‌ಗೆ ದಾರಿ ಬಿಡಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣ. ಅರ್ಧ ಗಂಟೆಯೆಂದರೆ ವೇಳಾಪಟ್ಟಿ ಬರೆಯುವವರಿಗೆ ಒಂದು ಸಾಲಿನ ತಿದ್ದುಪಡಿ. ಹಾಜರಿ ಯಂತ್ರದ ಮೇಲೆ ಸಮಯಕ್ಕೆ ಸರಿಯಾಗಿ ಬೆರಳೊತ್ತಬೇಕಾದವರಿಗೆ ಅದು ಅರ್ಧ ದಿನದ ಸಂಬಳ. ಪಾಳಿಯಲ್ಲಿ ದುಡಿಯುವವರೂ ಮೊದಲ ತರಗತಿಗೆ ಕೂರಬೇಕಾದ ವಿದ್ಯಾರ್ಥಿಗಳೂ ಕೆಲವೇ ವಾರಗಳಲ್ಲಿ ರೈಲು ಬಿಟ್ಟರು. ಆಮೇಲೆ ಸಂಜೆಯ ಎರಡನೆಯ ಗಾಡಿಯನ್ನು ತಾತ್ಕಾಲಿಕವಾಗಿ ರದ್ದು ಮಾಡಿದರು, ಆ ತಾತ್ಕಾಲಿಕ ಅವಧಿ ಇಂದಿಗೂ ಮುಗಿದಿಲ್ಲ. ಸಂಜೆಗೆ ಒಂದೇ ಗಾಡಿ ಉಳಿದ ಮೇಲೆ, ಕೆಲಸ ಹತ್ತು ನಿಮಿಷ ತಡವಾದರೂ ಮನೆ ಸೇರುವುದು ಹೇಗೆಂಬ ಭಯದಲ್ಲಿ, ಬೆಳಿಗ್ಗೆ ಆರಾಮವಾಗಿ ರೈಲು ಹತ್ತಬಹುದಾಗಿದ್ದವರೂ ಬೈಕು ಹೊರತೆಗೆದರು. ಸಂಜೆಯ ಗಾಡಿಯನ್ನು ಕಿತ್ತುಕೊಂಡರೆ ಬೆಳಗಿನ ಗಾಡಿಯೂ ಖಾಲಿಯಾಗುತ್ತದೆ ಎಂಬುದು ಪಾಸು ಇಟ್ಟುಕೊಂಡು ಓಡಾಡುವ ಯಾರಿಗಾದರೂ ತಿಳಿದಿರುವ ಸಂಗತಿ. ಅದನ್ನು ತಿಳಿಯದವರು ವೇಳಾಪಟ್ಟಿ ಮಾಡುತ್ತಿದ್ದಾರೆಂದು ನಾನು ನಂಬುವುದಿಲ್ಲ. ಟಿಕೆಟ್ ಕೌಂಟರ್ ಮುಚ್ಚಿದ್ದು, ಶೌಚಾಲಯಕ್ಕೆ ಬೀಗ ಜಡಿದದ್ದು, ಕೆಟ್ಟ ದೀಪಗಳನ್ನು ಹಾಗೆಯೇ ಬಿಟ್ಟಿದ್ದರಿಂದ ಕತ್ತಲಾದ ಮೇಲೆ ಹೆಣ್ಣುಮಕ್ಕಳು ಇಲ್ಲಿ ಇಳಿಯುವುದನ್ನೇ ನಿಲ್ಲಿಸಿದ್ದು, ಇವೆಲ್ಲ ಒಂದರ ಹಿಂದೆ ಒಂದು ನಡೆದವು.

ಇಷ್ಟೆಲ್ಲ ಆದ ಮೇಲೆ ಎಣಿಸಲು ಬಂದರು. ಬಂದದ್ದಾದರೂ ಯಾವಾಗ? ಶಾಲೆ ಕಾಲೇಜುಗಳಿಗೆ ರಜೆಯಿದ್ದ ವಾರದಲ್ಲಿ! ಆ ಎಣಿಕೆಯೇ ಈಗ ವರ್ಷದ ಸರಾಸರಿಯ ವೇಷ ತೊಟ್ಟು ಕಡತದಲ್ಲಿ ಕುಳಿತಿದೆ.

ಈ ಚಾಳಿ ಹೊಸದಲ್ಲ, ನಮ್ಮವರು ಕಂಡುಹಿಡಿದದ್ದೂ ಅಲ್ಲ. ಬ್ರಿಟನ್ನಿನ ರೈಲ್ವೆ ಮಂಡಳಿಯ ಅಧ್ಯಕ್ಷರಾಗಿದ್ದ ರಿಚರ್ಡ್ ಬೀಚಿಂಗ್ 1963ರ ಮಾರ್ಚಿನಲ್ಲಿ ಕೊಟ್ಟ ವರದಿ ಒಂದೇ ಏಟಿಗೆ 2,363 ನಿಲ್ದಾಣಗಳನ್ನು ಮುಚ್ಚಬೇಕೆಂದು ಹೇಳಿತು. ಅದಕ್ಕೆ ಆಧಾರವಾದ ಸಂಚಾರ ಸಮೀಕ್ಷೆ ನಡೆದದ್ದು 1961ರ ಏಪ್ರಿಲ್ ತಿಂಗಳ ಒಂದೇ ಒಂದು ವಾರದಲ್ಲಿ. ಬೇಸಿಗೆಯಲ್ಲಿ ಕಡಲತೀರದ ಊರುಗಳಿಗೆ ಗಾಡಿ ತುಂಬಿ ಬರುವ ಜನ ಏಪ್ರಿಲ್ ತಿಂಗಳಲ್ಲಿ ಎಲ್ಲಿಂದ ಸಿಗಬೇಕು? ಅದಕ್ಕಿಂತ ಸೂಕ್ಷ್ಮವಾದ ಮೋಸವೊಂದು ಆದಾಯದ ಲೆಕ್ಕದಲ್ಲಿದೆ, ಅದು ಇಂದಿಗೂ ಜೀವಂತವಾಗಿದೆ. ಟಿಕೆಟ್ ಎಲ್ಲಿ ಮಾರಾಟವಾಯಿತೋ ಆ ನಿಲ್ದಾಣದ ಖಾತೆಗೆ ಹಣ ಜಮೆಯಾಗುವ ಪದ್ಧತಿಯಲ್ಲಿ, ಎಲ್ಲಿಗೆ ಬಂದಿಳಿದರೋ ಆ ನಿಲ್ದಾಣದ ಹೆಸರಿನ ಮುಂದೆ ಸೊನ್ನೆ ಉಳಿಯುತ್ತದೆ. ನಮ್ಮಲ್ಲಿ ಕೌಂಟರ್ ಮುಚ್ಚಿದ ಮೇಲೆ ತಿಂಗಳ ಪಾಸನ್ನು ಎಲ್ಲರೂ ದೊಡ್ಡ ನಿಲ್ದಾಣದಲ್ಲಿ ತೆಗೆಸುತ್ತೇವೆ. ಹೀಗಾಗಿ ಪ್ರತಿದಿನ ಇಲ್ಲಿ ಹತ್ತಿ ಇಲ್ಲಿಯೇ ಇಳಿಯುವ ನಮ್ಮ ದುಡ್ಡು ಆ ದೊಡ್ಡ ನಿಲ್ದಾಣದ ಆದಾಯವಾಗಿ, ನಮ್ಮ ನಿಲ್ದಾಣ ನಷ್ಟದ ಪಟ್ಟಿಗೆ ಸೇರಿದೆ. ಈ ಮಾತನ್ನು ಅಧಿಕಾರಿಯೊಬ್ಬರ ಮುಂದಿಟ್ಟಾಗ, ಲೆಕ್ಕಪತ್ರದ ನಿಯಮ ಇರುವುದೇ ಹಾಗೆ ಎಂದರು. ನಿಯಮ ಹಾಗಿರಲಿ; ಆ ನಿಯಮದಿಂದ ಹುಟ್ಟಿದ ಅಂಕಿಯನ್ನು ಬಳಕೆಯ ಅಂಕಿಯೆಂದು ನೋಟಿಸಿನಲ್ಲಿ ಏಕೆ ತೋರಿಸಿದಿರಿ ಎಂದು ಕೇಳಿದ್ದಕ್ಕೆ, ಲಿಖಿತವಾಗಿ ಕೊಡಿ ಎಂಬ ಉತ್ತರ ಬಂತು. ಲಿಖಿತವಾಗಿ ಕೊಟ್ಟೆವು. ಸ್ವೀಕೃತಿಯ ಮುದ್ರೆಯೊಂದನ್ನು ಬಿಟ್ಟರೆ ಬೇರೇನೂ ಬರಲಿಲ್ಲ.

ಸಾರ್ವಜನಿಕ ಅಹವಾಲು ಸಭೆಯೆಂಬ ಶಾಸ್ತ್ರವೊಂದು ಬಾಕಿಯಿದೆ. ಅಲ್ಲಿ ನಾವು ಏನು ಮಾತನಾಡಬಹುದು ಎಂಬುದನ್ನು ಮೊದಲೇ ಗೆರೆ ಎಳೆದು ಹೇಳಿದ್ದಾರೆ: ನಿಲ್ದಾಣ ಮುಚ್ಚಿದರೆ ನಿಮಗೆ ವೈಯಕ್ತಿಕವಾಗಿ ಏನು ತೊಂದರೆ ಎಂಬುದನ್ನಷ್ಟೇ ತಿಳಿಸಿ, ಆದಾಯ ವೆಚ್ಚದ ವಿಷಯ ಸಭೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು. ಬ್ರಿಟನ್ನಿನ 1962ರ ಸಾರಿಗೆ ಕಾಯ್ದೆಯೂ ಇದೇ ಉಪಾಯವನ್ನು ಮಾಡಿತ್ತು. ಮುಚ್ಚುವ ಪ್ರಸ್ತಾಪಗಳ ಮೇಲಿನ ಆಕ್ಷೇಪಗಳನ್ನು ಕೇಳುತ್ತಿದ್ದ ಬಳಕೆದಾರರ ಸಮಾಲೋಚನಾ ಸಮಿತಿಗಳು ಜನರಿಗಾಗುವ ಕಷ್ಟವನ್ನು ಮಾತ್ರ ವರದಿ ಮಾಡಬಹುದಿತ್ತು, ರೈಲ್ವೆ ಕೊಟ್ಟ ನಷ್ಟದ ಅಂಕಿಗಳನ್ನು ಪ್ರಶ್ನಿಸುವಂತಿರಲಿಲ್ಲ. ಇದರ ಕ್ರೌರ್ಯ ಮೇಲ್ನೋಟಕ್ಕೆ ಕಾಣುವುದಿಲ್ಲ. ಅವರು ಅಂಕಿ ಇಟ್ಟುಕೊಂಡು ಮಾತನಾಡುತ್ತಾರೆ, ನಾವು ಗೋಳು ಇಟ್ಟುಕೊಂಡು ಮಾತನಾಡಬೇಕು. ಅಂಕಿ ತಪ್ಪೆಂದು ಹೇಳುವ ಹಕ್ಕು ನಮಗಿಲ್ಲ, ಗೋಳು ಸಾಲದೆಂದು ಹೇಳುವ ಹಕ್ಕು ಅವರಿಗಿದೆ. ಡಯಾಲಿಸಿಸ್‌ಗೆ ಹೋಗುವ ವೃದ್ಧರೊಬ್ಬರು ಅಪರಿಚಿತರ ಮುಂದೆ ತಮ್ಮ ಮೂತ್ರಪಿಂಡದ ಕಥೆ ಹೇಳಿ ನಿಲ್ದಾಣ ಬೇಡಬೇಕಾದ ಸ್ಥಿತಿಯನ್ನು ಅಹವಾಲು ಎಂದು ಕರೆಯುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ಸಭೆಯನ್ನು ಇಟ್ಟಿರುವುದು ಕೆಲಸದ ದಿನ ಬೆಳಗಿನ ಹೊತ್ತು, ನಮ್ಮ ಗಾಡಿ ಹಿಡಿದು ಹೊರಟರೆ ಸಮಯಕ್ಕೆ ತಲುಪಲಾಗದ ಜಾಗದಲ್ಲಿ.

ಬದಲಿ ಬಸ್ಸಿನ ವ್ಯವಸ್ಥೆ ಮಾಡುತ್ತೇವೆ ಎಂಬ ಭರವಸೆಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ರೈಲು ನಿಲ್ದಾಣವನ್ನು ಮುಚ್ಚಲು ಕಾನೂನಿನ ಹಂತಗಳಿವೆ, ನೋಟಿಸು ಕೊಡಬೇಕು, ಆಕ್ಷೇಪ ಕೇಳಬೇಕು. ಬಸ್ಸನ್ನು ನಿಲ್ಲಿಸಲು ಒಂದು ಸುತ್ತೋಲೆ ಸಾಕು.

ನಮ್ಮ ಜನರ ಮೇಲೂ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಸಹಿ ಕೇಳಲು ಹೋದಾಗ, ನಮಗೆ ಕಾರಿದೆ, ನಾವು ರೈಲಿಗೆ ಹೋಗುವುದಿಲ್ಲ ಎಂದು ಬಾಗಿಲು ಹಾಕಿಕೊಂಡ ಮನೆಗಳಿವೆ. ರೈಲು ಬಿಟ್ಟವರೆಲ್ಲ ನಾಳೆ ನಿಮ್ಮ ಕಾರಿನ ಮುಂದೆಯೇ ರಸ್ತೆಯಲ್ಲಿ ನಿಂತಿರುತ್ತಾರೆ ಎಂದರೆ ನಗುತ್ತಾರೆ. ಇದೇ ಮಂದಿ, ಜಪಾನಿನ ಹೊಕ್ಕೈಡೊದಲ್ಲಿ ಒಬ್ಬಳು ವಿದ್ಯಾರ್ಥಿನಿಗಾಗಿ ನಿಲ್ದಾಣವನ್ನೇ ಉಳಿಸಿಕೊಂಡರಂತೆ ಎಂಬ ಕಥೆಯನ್ನು ವಾಟ್ಸ್ಆ್ಯಪ್‌ನಲ್ಲಿ ಕಣ್ಣೀರಿನ ಚಿತ್ರಗಳೊಂದಿಗೆ ಹಂಚುತ್ತಾರೆ. ಕಥೆಯಲ್ಲಿ ಉತ್ಪ್ರೇಕ್ಷೆ ಬಹಳವಿದೆ, ಆ ಕ್ಯೂ-ಶಿರಾತಾಕಿ ನಿಲ್ದಾಣ 2016ರ ಮಾರ್ಚಿನಲ್ಲಿ ಮುಚ್ಚಿಯೂ ಹೋಯಿತು. ದೂರದ ನಿಲ್ದಾಣಕ್ಕೆ ಅಳುವವರಿಗೆ ಹತ್ತಿರದ ನಿಲ್ದಾಣಕ್ಕೆ ಒಂದು ಸಹಿ ಹಾಕಲು ಪೆನ್ನು ಸಿಗುವುದಿಲ್ಲ.

ಸಹಿ ಹಾಕಿ ಏನು ಪ್ರಯೋಜನ ಎನ್ನುವವರಿಗೂ ಉತ್ತರವಿದೆ. 2023ರ ಜುಲೈಯಲ್ಲಿ ಇಂಗ್ಲೆಂಡಿನ ನಿಲ್ದಾಣಗಳ ಟಿಕೆಟ್ ಕೌಂಟರುಗಳನ್ನು ಬಹುಮಟ್ಟಿಗೆ ಮುಚ್ಚುವ ಪ್ರಸ್ತಾಪ ಬಂದಾಗ ಸುಮಾರು 7.5 ಲಕ್ಷ ಪ್ರತಿಕ್ರಿಯೆಗಳು ಬಂದವು, ಅಕ್ಟೋಬರ್ ಮುಗಿಯುವಷ್ಟರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅದಕ್ಕೂ ಮೊದಲು, ಉತ್ತರ ಇಂಗ್ಲೆಂಡಿನ ಸೆಟಲ್–ಕಾರ್ಲೈಲ್ ಮಾರ್ಗವನ್ನು ಮುಚ್ಚಲು ಹೊರಟಾಗ 22 ಸಾವಿರಕ್ಕೂ ಹೆಚ್ಚು ಆಕ್ಷೇಪಗಳು ದಾಖಲಾಗಿದ್ದವು. ಅವುಗಳಲ್ಲೊಂದು ರಸ್ವಾರ್ಪ್ ಎಂಬ ನಾಯಿಯದು. ಟಿಕೆಟ್ ಪಡೆದು ಪ್ರಯಾಣ ಮಾಡುತ್ತಿದ್ದ ಆ ನಾಯಿ ಪಂಜದ ಗುರುತು ಒತ್ತಿತ್ತು, ಅದನ್ನೂ ಆಕ್ಷೇಪವೆಂದು ಸ್ವೀಕರಿಸಿದರು. (ನಮ್ಮ ಅರ್ಜಿಗಳಲ್ಲಿ ಸಹಿ ಗುರುತಿನ ಚೀಟಿಯ ಸಹಿಗೆ ಹೊಂದುತ್ತಿಲ್ಲವೆಂದು ಒಂದು ಕಟ್ಟನ್ನೇ ವಾಪಸು ಕಳಿಸಿದ್ದಾರೆ.)

ಆ ಮಾರ್ಗದ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ನಾಯಿಯಲ್ಲ, ರಾನ್ ಕಾಟನ್ ಎಂಬ ಅಧಿಕಾರಿ. 1983ರಲ್ಲಿ ಆತನನ್ನು ಅಲ್ಲಿಗೆ ನೇಮಿಸಿದ್ದು ಮುಚ್ಚುವ ಕೆಲಸವನ್ನು ನೋಡಿಕೊಳ್ಳಲು. ಆಗ ಇಡೀ ಮಾರ್ಗದಲ್ಲಿ ದಿನಕ್ಕೆ ಎರಡೇ ಗಾಡಿಗಳು ಹೋಗಿ ಬರುತ್ತಿದ್ದವು, ಮಧ್ಯದ ಎಷ್ಟೋ ನಿಲ್ದಾಣಗಳು ವರ್ಷಗಳಿಂದ ಮುಚ್ಚಿದ್ದವು. ಇರುವಷ್ಟು ದಿನ ಸರಿಯಾಗಿ ನಡೆಸೋಣವೆಂದು ಆತ ಗಾಡಿ ಹೆಚ್ಚಿಸಿದ, ಪ್ರಚಾರ ಮಾಡಿದ, 1986ರಲ್ಲಿ ಎಂಟು ನಿಲ್ದಾಣಗಳು ಮತ್ತೆ ತೆರೆದವು. ವರ್ಷಕ್ಕೆ ಸುಮಾರು 93 ಸಾವಿರವಿದ್ದ ಪ್ರಯಾಣಗಳ ಸಂಖ್ಯೆ 1989ರ ವೇಳೆಗೆ 4.5 ಲಕ್ಷಕ್ಕೇರಿತು, ಅದೇ ವರ್ಷದ ಏಪ್ರಿಲ್‌ನಲ್ಲಿ ಮುಚ್ಚುವ ಪ್ರಸ್ತಾಪವನ್ನು ಸರ್ಕಾರ ತಿರಸ್ಕರಿಸಿತು. ಹಳಿ ಅದೇ, ಊರುಗಳು ಅವೇ. ಬದಲಾದದ್ದು ಗಾಡಿ ಓಡಿಸುವವರ ಮನಸ್ಸು. ಆ ಮಾರ್ಗದ ರಿಬ್ಬಲ್‌ಹೆಡ್ ಸೇತುವೆಯ ದುರಸ್ತಿಗೆ ಭಾರೀ ವೆಚ್ಚವಾಗುತ್ತದೆಂದು ಹೆದರಿಸಿದ್ದರಲ್ಲ, ಕೊನೆಗೆ ದುರಸ್ತಿ ಮುಗಿದಾಗ ಆದ ಖರ್ಚು ಅಂದಾಜಿಗಿಂತ ಎಷ್ಟೋ ಕಡಿಮೆಯಿತ್ತು. ನಮ್ಮ ಪ್ಲಾಟ್‌ಫಾರ್ಮ್ ಎತ್ತರಿಸಲು ಇಷ್ಟು ಬೇಕು, ಪಾದಚಾರಿ ಸೇತುವೆಗೆ ಅಷ್ಟು ಬೇಕು ಎಂದು ಈಗ ತೋರಿಸುತ್ತಿರುವ ಅಂದಾಜು ಪಟ್ಟಿಯನ್ನು ನೋಡಿದಾಗಲೆಲ್ಲ ಇದು ನೆನಪಾಗುತ್ತದೆ.

ಮುಚ್ಚಿದ ಮೇಲೆ ಬೇಕಾದರೆ ಮುಂದೆ ತೆರೆಯಬಹುದು ಎಂದು ಸಮಾಧಾನ ಹೇಳುವವರು, ಎಡಿನ್‌ಬರೋದಿಂದ ದಕ್ಷಿಣಕ್ಕೆ ಹೋಗುತ್ತಿದ್ದ ವೇವರ್ಲಿ ಮಾರ್ಗವನ್ನು ನೋಡಲಿ. ನ್ಯೂಕ್ಯಾಸಲ್‌ಟನ್ ಎಂಬ ಊರಿನ ಜನ ಲೆವೆಲ್ ಕ್ರಾಸಿಂಗ್ ಗೇಟಿನಲ್ಲಿ ಕೊನೆಯ ಗಾಡಿಯನ್ನು ತಡೆದು ನಿಂತರೂ 1969ರ ಜನವರಿಯಲ್ಲಿ ಅದು ಮುಚ್ಚಿತು. ಅದರ ಉತ್ತರದ ತುದಿಯ ಸುಮಾರು 30 ಮೈಲಿಯನ್ನು ಮತ್ತೆ ಕಟ್ಟಿ ಗಾಡಿ ಬಿಡುವ ಹೊತ್ತಿಗೆ 2015 ಬಂದಿತ್ತು. ತಡೆಯಲು ನಿಂತ ಆ ಊರಿಗೆ ಇಂದಿಗೂ ರೈಲಿಲ್ಲ.

ನಾವು ಕೇಳುತ್ತಿರುವುದು ದೊಡ್ಡದಲ್ಲ. ಬೆಳಗಿನ ಗಾಡಿಯನ್ನು ಹಳೆಯ ಸಮಯಕ್ಕೆ ತನ್ನಿ, ಸಂಜೆಯ ಎರಡನೆಯ ಗಾಡಿಯನ್ನು ಬಿಡಿ, ದೀಪ ಹಚ್ಚಿ, ಒಂದು ವರ್ಷ ಹಾಗೆ ನಡೆಸಿ, ಆಮೇಲೆ ಶಾಲೆ ಕಾಲೇಜು ತೆರೆದಿರುವ ತಿಂಗಳಿನಲ್ಲಿ ಎಣಿಸಿ. ಎಣಿಸುವಾಗ ಹತ್ತುವವರನ್ನೂ ಇಳಿಯುವವರನ್ನೂ, ಪಾಸು ಎಲ್ಲಿಯೇ ತೆಗೆಸಿರಲಿ, ನಮ್ಮ ನಿಲ್ದಾಣದ ಹೆಸರಿನಲ್ಲಿಯೇ ಬರೆಯಿರಿ. ಅಹವಾಲು ಸಭೆಯಲ್ಲಿ ನಮ್ಮ ಕಷ್ಟ ಹೇಳುವುದಕ್ಕೆ ಮೊದಲು ಆ ರಜೆಯ ವಾರದ ಎಣಿಕೆಯ ಮೂಲ ಹಾಳೆಗಳನ್ನು, ದಿನಾಂಕ ಮತ್ತು ಗಾಡಿಯ ಸಂಖ್ಯೆ ಸಮೇತ, ಮೇಜಿನ ಮೇಲಿಡಿ ಎಂದು ಕೇಳುತ್ತೇವೆ. ವ್ಯಾಪ್ತಿಗೆ ಬರುವುದಿಲ್ಲ ಎಂದರೆ, ಕೇಳಿದರೂ ಕೊಡಲಿಲ್ಲವೆಂಬುದನ್ನು ಸಭೆಯ ನಡಾವಳಿಯಲ್ಲಿ ಬರೆಸಿಯೇ ಏಳುತ್ತೇವೆ.