ಮೆಕ್ಸಿಕೊದ ಲಾರಿಗಳನ್ನು ಅಮೆರಿಕದ ಒಳಗೆ ಬಿಡಬೇಕಾ, ಬೇಡವಾ?

ಪರ: ಒಂದು ಲೋಡಿಗೆ ಮೂರು ಲಾರಿ ಯಾಕೆ?

ಮೆಕ್ಸಿಕೊದ ಮೊಂಟೆರ್ರೆಯಿಂದ ಟೆಕ್ಸಾಸ್‌ನ ಡಲ್ಲಾಸ್‌ಗೆ ಫ್ರಿಜ್ ತುಂಬಿಕೊಂಡು ಒಂದು ಲಾರಿ ಹೊರಟಿದೆ ಅಂದುಕೊಳ್ಳಿ. ಗಡಿಯ ನುಯೆವೊ ಲರೇಡೊ ಊರಿಗೆ ಬರುತ್ತಿದ್ದ ಹಾಗೆ ಡ್ರೈವರ್ ಕೆಳಗಿಳಿಯುತ್ತಾನೆ. ಹ್ಯಾಂಡಲ್ ತಿರುಗಿಸಿ ಟ್ರೇಲರಿನ ಕಾಲುಗಳನ್ನು ನೆಲಕ್ಕೆ ಊರಿಸುತ್ತಾನೆ, ಬ್ರೇಕಿನ ಗಾಳಿ ಪೈಪು, ಲೈಟಿನ ವೈರು ಬಿಚ್ಚುತ್ತಾನೆ, ಟ್ರೇಲರನ್ನು ಅಲ್ಲೇ ಬಿಟ್ಟು ಮುಂಭಾಗವನ್ನಷ್ಟೇ ಓಡಿಸಿಕೊಂಡು ಹೋಗಿಬಿಡುತ್ತಾನೆ. ಆಮೇಲೆ ಎರಡನೇ ಲಾರಿ ಬರಬೇಕು. ನದಿಯ ಮೇಲಿನ ಸೇತುವೆ ದಾಟಿಸೋದಷ್ಟೇ ಅದರ ಕೆಲಸ. ಆ ಕಡೆ ಅಮೆರಿಕದ ಲರೇಡೊ ಊರಲ್ಲಿ ಮತ್ತೆ ಕಾಲು ಊರಿಸು, ಮತ್ತೆ ಪೈಪು ಬಿಚ್ಚು. ಅಲ್ಲಿಂದ ಅಮೆರಿಕದ ಮೂರನೇ ಲಾರಿ. ಸೇತುವೆ ದಾಟಿಸಿದ ಲಾರಿ ಎಷ್ಟೋ ಸಲ ಬರಿಗೈಯಲ್ಲಿ ವಾಪಸ್. ಈ ಮೂರು ಬಾಡಿಗೆಯೂ ಕೊನೆಗೆ ಫ್ರಿಜ್ ಕೊಳ್ಳುವವರ ತಲೆ ಮೇಲೇ ಬರುತ್ತದೆ, ಅಲ್ವಾ?

ಹೀಗೆ ಆಗಬೇಕಾಗಿರಲಿಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊ ನಡುವೆ 1994ರಲ್ಲಿ ಜಾರಿಗೆ ಬಂದ ನಾಫ್ಟಾ ವ್ಯಾಪಾರ ಒಪ್ಪಂದದಲ್ಲಿ ಅಮೆರಿಕ ಸ್ಪಷ್ಟವಾಗಿ ಮಾತು ಕೊಟ್ಟಿತ್ತು: 1995ರ ಡಿಸೆಂಬರ್ 18ರಿಂದ ಗಡಿ ರಾಜ್ಯಗಳಿಗೆ, 2000ದ ಜನವರಿಯಿಂದ ದೇಶಕ್ಕೆಲ್ಲ ಮೆಕ್ಸಿಕೊ ಲಾರಿಗಳು ಬರಬಹುದು. ಆ ಡಿಸೆಂಬರ್ ಬಂದಾಗ ಕ್ಲಿಂಟನ್ ಸರ್ಕಾರ ಸುರಕ್ಷತೆಯ ನೆಪ ಹೇಳಿ ಹಿಂದೆ ಸರಿಯಿತು. ಅದೇ ಒಪ್ಪಂದಕ್ಕೆ ಸಹಿ ಹಾಕಿದ್ದ ಕೆನಡಾದ ಲಾರಿಗಳು ಮಾತ್ರ ಆರಾಮಾಗಿ ಓಡಾಡಿಕೊಂಡಿದ್ದವು. 2001ರಲ್ಲಿ ನಾಫ್ಟಾದ ನ್ಯಾಯಮಂಡಳಿಯೇ ಅಮೆರಿಕದ್ದು ತಪ್ಪು ಅಂದಿತು. ಒಂದೊಂದು ಕಂಪನಿಯನ್ನು ಪರೀಕ್ಷೆ ಮಾಡಿ ಬೇಡ ಅನ್ನುವುದು ಬೇರೆ, ಇಡೀ ದೇಶಕ್ಕೇ ಬಾಗಿಲು ಹಾಕುವುದು ಬೇರೆ.

ಕೊಟ್ಟ ಮಾತು ತಪ್ಪಿದ್ದಕ್ಕೆ ದಂಡ ಕಟ್ಟಿದವರು ಯಾರು? ಕೆಲವು ಮೆಕ್ಸಿಕೊ ಕಂಪನಿಗಳ ಲಾರಿಗಳನ್ನು ಒಳಗೆ ಬಿಟ್ಟು ನೋಡಲು 2007ರಲ್ಲಿ ಶುರುವಾದ ಪ್ರಾಯೋಗಿಕ ಯೋಜನೆಗೆ 2009ರಲ್ಲಿ ಅಮೆರಿಕದ ಸಂಸತ್ತು ದುಡ್ಡು ನಿಲ್ಲಿಸಿತು. ತಿರುಗೇಟಾಗಿ ಮೆಕ್ಸಿಕೊ ಸುಮಾರು 240 ಕೋಟಿ ಡಾಲರ್ ಬೆಲೆಯ ಅಮೆರಿಕದ ಸರಕಿನ ಮೇಲೆ ಸುಂಕ ಹಾಕಿತು. ಮರುವರ್ಷ ಹಂದಿಮಾಂಸ, ಸೇಬು, ಚೀಸ್ ಕೂಡ ಆ ಪಟ್ಟಿಗೆ ಸೇರಿದವು. ವಾಷಿಂಗ್ಟನ್ ರಾಜ್ಯದಲ್ಲಿ ಹಣ್ಣು ಬೆಳೆಯುವ ರೈತನಿಗೂ ಲಾರಿ ಜಗಳಕ್ಕೂ ಏನು ಸಂಬಂಧ ಹೇಳಿ!

ಇನ್ನು ಸುರಕ್ಷತೆ. 1990ರ ದಶಕದಲ್ಲಿ ಗಡಿಯಲ್ಲಿ ತಪಾಸಣೆಯಾದ ಮೆಕ್ಸಿಕೊ ಲಾರಿಗಳಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ರಸ್ತೆಗೆ ಯೋಗ್ಯವಲ್ಲ ಅಂತ ನಿಂತುಬಿಟ್ಟಿದ್ದವು, ನಿಜ. ಆದರೆ ಅವು ಯಾವ ಲಾರಿಗಳು? ಹೆಚ್ಚಿನವು ಇದೇ ಸೇತುವೆ ದಾಟಿಸುವ ಹಳೇ ಗಾಡಿಗಳು. ನಾಲ್ಕು ಮೈಲಿಯ ಕೆಲಸಕ್ಕೆ ಹೊಸ ಲಾರಿ ಯಾರು ಹಾಕುತ್ತಾರೆ? ದೂರದ ಲಾರಿಗಳನ್ನು ತಡೆದದ್ದರಿಂದಲೇ ಹಳೆಯವು ಸೇತುವೆ ಮೇಲೆ ಸಾಲುಗಟ್ಟಿ ಹೊಗೆ ಉಗುಳುತ್ತಾ ನಿಲ್ಲುವ ಹಾಗಾಯಿತು, ಆ ಹೊಗೆ ಕುಡಿಯುವವರು ಲರೇಡೊದ ಜನ.

ವಿರೋಧ: ಮೈಲಿ ಲೆಕ್ಕದಲ್ಲಿ ಬದುಕುವವನನ್ನು ಒಮ್ಮೆ ನೋಡಿ

ಮೂರು ಲಾರಿ ದಂಡ ಅನ್ನುವುದು ನನಗೂ ಅರ್ಥವಾಗುತ್ತದೆ. ಮೆಕ್ಸಿಕೊದ ಡ್ರೈವರ್ ಸರಿಯಿಲ್ಲ ಅಂತಲೂ ನಾನು ಹೇಳುತ್ತಿಲ್ಲ. 2025ರಲ್ಲಿ ಇಂಗ್ಲಿಷ್ ಬಾರದ ಡ್ರೈವರ್‌ಗಳನ್ನು ಲಾರಿಯಿಂದ ಇಳಿಸುವ ಆದೇಶ ಬಂತಲ್ಲ, ನನ್ನ ವಿರೋಧ ಅಂಥದ್ದಲ್ಲ. ನನ್ನ ಚಿಂತೆ ಕೂಲಿಯದ್ದು.

ಅಮೆರಿಕದಲ್ಲಿ ದೂರ ಓಡಿಸುವ ಡ್ರೈವರ್‌ಗಳಲ್ಲಿ ಬಹಳ ಜನಕ್ಕೆ ಸಂಬಳ ಮೈಲಿಗೆ ಇಷ್ಟು ಅಂತ. ಚಕ್ರ ಉರುಳಿದರೆ ದುಡ್ಡು. ಗೋದಾಮಿನ ಮುಂದೆ ನಾಲ್ಕು ಗಂಟೆ ಕಾದರೆ, ಎಷ್ಟೋ ಸಲ, ಏನೂ ಇಲ್ಲ. ಓವರ್‌ಟೈಮ್ ಕಾನೂನು 1938ರಲ್ಲೇ ಇವರನ್ನು ಹೊರಗಿಟ್ಟಿತು. 1980ರಲ್ಲಿ ಬಾಡಿಗೆ ದರಗಳ ಮೇಲಿನ ಸರ್ಕಾರದ ಹಿಡಿತ ಸಡಿಲವಾದ ಮೇಲೆ ಕಂಪನಿಗಳು ಪೈಪೋಟಿಗೆ ಬಿದ್ದು ದರ ಇಳಿಸಿದವು, ಡ್ರೈವರ್ ಕೂಲಿಯೂ ಅದರ ಹಿಂದೆಯೇ ಇಳಿಯಿತು. ಈಗ ಅದೇ ರಸ್ತೆಗೆ ಇನ್ನೂ ಕಡಿಮೆ ಸಂಬಳದ ಡ್ರೈವರ್‌ನನ್ನು ತಂದರೆ ಲಾಭ ಯಾರಿಗೆ? ಅಮೆರಿಕದ ಡ್ರೈವರ್‌ಗೆ ಅಂತೂ ಇಲ್ಲ. ಮೆಕ್ಸಿಕೊದ ಡ್ರೈವರ್‌ಗೂ ಇಲ್ಲ, ಅವನು ಅಮೆರಿಕದ ರಸ್ತೆಯಲ್ಲಿ ಓಡಿಸಿದರೂ ಕೈಗೆ ಸಿಗೋದು ಮೆಕ್ಸಿಕೊದ ಸಂಬಳವೇ. ಉಳಿದ ದುಡ್ಡು ಸರಕು ಕಳಿಸುವ ದೊಡ್ಡ ಕಂಪನಿಯ ಜೇಬಿಗೆ. ಅಮೆರಿಕದ ಲಾರಿ ಡ್ರೈವರ್‌ಗಳ ಟೀಮ್‌ಸ್ಟರ್ಸ್ ಯೂನಿಯನ್ ಇದರ ವಿರುದ್ಧ ಇಷ್ಟು ವರ್ಷ ಹೋರಾಡಿದ್ದು ಸುಮ್ನೆ ಅಲ್ಲ.

ಸುರಕ್ಷತೆಯೂ ಕೂಲಿಗೇ ಅಂಟಿಕೊಂಡಿದೆ. ಅಮೆರಿಕದಲ್ಲಿ 10 ಗಂಟೆ ವಿಶ್ರಾಂತಿ ಆದ ಮೇಲೆ 11 ಗಂಟೆ ಮಾತ್ರ ಓಡಿಸಬಹುದು. ಗಡಿಯ ಆಚೆ ರಾತ್ರಿಯೆಲ್ಲ ಓಡಿಸಿ ಬಂದವನ ಕಣ್ಣಿನ ಕೆಂಪು ಯಾವ ಯಂತ್ರದಲ್ಲಿ ದಾಖಲಾಗುತ್ತದೆ? ಪ್ರಯೋಗದಲ್ಲಿ ಎಲ್ಲ ಸರಿ ಇತ್ತು ಅನ್ನುತ್ತಾರೆ. 2011ರಿಂದ 2014ರವರೆಗೆ ನಡೆದ ಎರಡನೇ ಪ್ರಯೋಗದಲ್ಲಿ ಭಾಗವಹಿಸಿದ್ದು ಬರೀ 15 ಕಂಪನಿ. ಇಷ್ಟರಿಂದ ಎಲ್ಲ ಮೆಕ್ಸಿಕೊ ಕಂಪನಿಗಳ ಬಗ್ಗೆ ಏನೂ ಹೇಳಲಾಗದು ಅಂತ ಅಮೆರಿಕದ ಸಾರಿಗೆ ಇಲಾಖೆಯ ತನಿಖಾಧಿಕಾರಿಗಳೇ ವರದಿ ಕೊಟ್ಟರು. ಆದರೂ 2015ರಲ್ಲಿ ದೂರ ಓಡಿಸುವ ಪರವಾನಗಿಗೆ ಅರ್ಜಿ ಹಾಕಲು ಮೆಕ್ಸಿಕೊ ಕಂಪನಿಗಳಿಗೆ ಬಾಗಿಲು ತೆರೆದರು.

ಇನ್ನೊಂದು ಮಾತು. ಮೊಂಟೆರ್ರೆಯಿಂದ ಡಲ್ಲಾಸ್‌ಗೆ ಬಂದ ಲಾರಿ ಅಲ್ಲಿಂದ ಹ್ಯೂಸ್ಟನ್‌ಗೆ ಲೋಡ್ ಹೊರುವ ಹಾಗಿಲ್ಲ, ಅಮೆರಿಕದೊಳಗಿನ ಬಾಡಿಗೆ ಅಮೆರಿಕದ ಲಾರಿಗೇ ಸೇರಿದ್ದು. ನಿಯಮ ಚೆನ್ನಾಗಿದೆ. ಆದರೆ ತಪಾಸಣೆ ಮಾಡುವವರು ಸೇತುವೆ ಹತ್ತಿರ ಇದ್ದಾರೆ, ಗೋದಾಮು ಇರುವುದು ಅಲ್ಲಿಂದ 400 ಮೈಲಿಗಿಂತ ದೂರ. ಖಾಲಿ ವಾಪಸ್ ಹೋಗಬೇಕಾದ ಲಾರಿಗೆ ಅರ್ಧ ಬಾಡಿಗೆಗೆ ಒಂದು ಲೋಡ್ ಸಿಕ್ಕರೆ ಮಾಲೀಕ ಬೇಡ ಅನ್ನುತ್ತಾನಾ? ಮೊದಲು ಆ ಗೋದಾಮಿನ ಗೇಟಿನಲ್ಲಿ ಒಬ್ಬ ಇನ್‌ಸ್ಪೆಕ್ಟರ್ ನಿಲ್ಲಲಿ, ಗಡಿ ದಾಟಿದ ಡ್ರೈವರ್‌ಗೆ ಅಮೆರಿಕದ ಕೂಲಿ ಸಿಗಲಿ. ಅಲ್ಲಿಯವರೆಗೆ ಟ್ರೇಲರ್ ಲರೇಡೊದಲ್ಲೇ ಕೈ ಬದಲಾಯಿಸಲಿ.